ಸೀಸದ ಮೇಲೆ ಎರಡು ಸುತ್ತು

ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಪದ. ಅರಬ್ಬಿಯಲ್ಲಿ ಅದು ಎರಡೇ ಅಕ್ಷರ: ಅನಾ. ‘ನಾನು’ ಎಂದು ಅರ್ಥ. ಕುವೈತಿಗೆ ಬಂದವರು ಮೊದಲು ಕಲಿಯುವ ಪದವೇ ಅದು. ಅನಾ ಡ್ರೈವರ್, ಭಾರತದವನು ಎನ್ನಲು ಅನಾ ಹಿಂದಿ, ಹುಷಾರಿಲ್ಲದಾಗ ಅನಾ ಮರೀದ್ ಎನ್ನುತ್ತಾ ಇಲ್ಲಿ ವರ್ಷಗಟ್ಟಲೆ ಬದುಕಿದ್ದೇನೆ. ಆದರೆ ಜಹ್ರಾದಾಚೆಯ ಮರಳುಗಾಡಿನ ಶೂಟಿಂಗ್ ಮೈದಾನದಲ್ಲಿ ನನ್ನ ಯಜಮಾನ, “ಇದನ್ನು ಮಾಡಿದ್ದು ಯಾರು?” ಎಂದು ಕೇಳಿದಾಗ ಆ ಪದ ನನ್ನ ಬಾಯಿಂದ ಬರಲಿಲ್ಲ. “ಹಿಯಾ” ಎಂದೆ. ಹಿಯಾ ಎಂದರೆ ಅವಳು. ಅವಳು ಎಂದರೆ ನನ್ನ ತಂಗಿ. ಹೇಳಿದ್ದು ಸುಳ್ಳಾಗಿರಲಿಲ್ಲ. ಅದೇ ಇವತ್ತಿಗೂ ನನ್ನನ್ನು ಸುಡುತ್ತಿದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆದು ಅಭ್ಯಾಸವಿಲ್ಲ. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ರುಮೈಥಿಯಾದ ಒಂದು ಮನೆಯಲ್ಲಿ ನಾನು ಡ್ರೈವರ್. ಮನೆಯ ಯಜಮಾನನನ್ನು ಕೆಲಸದವರೆಲ್ಲ ಬಾಬಾ ಎನ್ನುತ್ತೇವೆ. ಮದುವೆ ಮುರಿದು ಊರಿನಲ್ಲಿ ಕೂತಿದ್ದ ತಂಗಿಗೆ ಅದೇ ಮನೆಯ ಅಡುಗೆಮನೆಯಲ್ಲಿ ಕೆಲಸ ಕೊಡಿಸಿ, ವೀಸಾ ಮಾಡಿಸಿ ಕರೆಸಿಕೊಂಡವನು ನಾನೇ. ಇಬ್ಬರ ವೀಸಾಕ್ಕೂ ಹೊಣೆಗಾರ, ಅಂದರೆ ಕಫೀಲ್, ಒಬ್ಬನೇ. ಪರದೇಶದಲ್ಲಿ ಅಣ್ಣತಂಗಿ ಒಂದೇ ಸೂರಿನ ಕೆಳಗೆ ಇರುವ ಭಾಗ್ಯ ಯಾರಿಗುಂಟು ಎಂದು ಫರ್ವಾನಿಯಾದ ರೂಮಿನ ಗೆಳೆಯರು ಹೇಳುತ್ತಿದ್ದರು. ನಾನೂ ಎದೆಯುಬ್ಬಿಸುತ್ತಿದ್ದೆ.

ಬಾಬಾನ ಹತ್ತಿರ ಅವರ ಅಜ್ಜನ ಕಾಲದ ಒಂದು ಬಂದೂಕು ಇತ್ತು. ಲೈಸೆನ್ಸ್ ಇದ್ದದ್ದು, ಸದಾ ಬೀರುವಿನಲ್ಲಿ ಬೀಗದೊಳಗೆ ಇರುವಂಥದ್ದು. ಕೆಳಗಿನ ಹಿಡಿಕೆಯನ್ನು ಎಳೆದರೆ ಹಿಂಭಾಗ ಬಾಯಿ ತೆರೆಯುತ್ತದೆ. ಒಂದು ಗುಂಡು ಹಾಕಿ ಮುಚ್ಚಬೇಕು, ಹೊಡೆಯಬೇಕು, ಮತ್ತೆ ತೆರೆದು ಇನ್ನೊಂದು ಹಾಕಬೇಕು. ಒಮ್ಮೆಗೆ ಒಂದೇ. ಚಳಿಗಾಲದಲ್ಲಿ ಇಂಥ ಹಳೆಯ ಬಂದೂಕುಗಳ ಹುಚ್ಚಿರುವ ಕೆಲವು ಮುದುಕರು ಆ ಮೈದಾನದಲ್ಲಿ ಸೇರುತ್ತಿದ್ದರು. ಗುರಿ ಹೊಡೆಯುವುದಕ್ಕಿಂತ ಚಹಾ ಕುಡಿಯುವುದೇ ಹೆಚ್ಚು. ಆದರೂ ಯಾರ ಗುಂಡು ಎಲ್ಲಿಗೆ ಬಿತ್ತು ಎಂಬುದು ಮುಂದಿನ ಚಳಿಗಾಲದವರೆಗೂ ಮಾತಿಗೆ ಬರುತ್ತಿತ್ತು.

ಅಜ್ಜನ ಕಾಲದಲ್ಲಿ ಹೊಡೆದ ಹಾಗೆಯೇ ಹೊಡೆಯಬೇಕು ಎಂಬುದು ಬಾಬಾನ ಹಟ. ಆ ಕಾಲದ ಗುಂಡಿಗೆ ಈಗಿನ ಹಾಗೆ ತಾಮ್ರದ ಕವಚವಿಲ್ಲ. ಮೆತ್ತನೆಯ ಸೀಸದ ಗುಂಡಿಗೆ ತೆಳುವಾದ ಕಾಗದ ಸುತ್ತಬೇಕು. ಬರಿ ಸೀಸ ಹೊಡೆದರೆ ಅದು ನಳಿಗೆಯ ಒಳಗೆ ಉಜ್ಜಿ ಹತ್ತಿಕೊಳ್ಳುತ್ತದೆ, ಆಮೇಲಿನ ಗುಂಡುಗಳೆಲ್ಲ ದಾರಿ ತಪ್ಪುತ್ತವೆ. ಕಾಗದ ಸುತ್ತಿದರೆ ನಳಿಗೆಗೆ ತಾಗುವುದು ಕಾಗದವೇ. ಹೊರಗೆ ಬಂದ ಕೂಡಲೇ ಅದು ಚೂರುಚೂರಾಗಿ ಉದುರಿ, ಗುಂಡು ಒಂದೇ ಮುಂದೆ ಹೋಗಬೇಕು. ಮೈದಾನದಲ್ಲಿ ಬಂದೂಕು ರಿಪೇರಿ ಮಾಡುವ ಪೇಶಾವರದ ಮುದುಕನೊಬ್ಬನಿದ್ದ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಸೀಸ ಎರೆಯುವುದು, ಮದ್ದು ತುಂಬುವುದು ಅವನ ಕೆಲಸ, ಅದರ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ. ಕಾಗದ ಸುತ್ತಲು ಅವನಿಗೆ ಕಣ್ಣು ಸಾಲದು. “ಯೇ ತೋ ಉಂಗಲಿಯೋಂ ಕಾ ಕಾಮ್ ಹೈ ಭಾಯಿ” ಎಂದು ಅವನು ಅಳತೆಗೆ ಕತ್ತರಿಸುವ ತಗಡಿನ ಅಚ್ಚೊಂದನ್ನೂ ಕಾಗದದ ಕಟ್ಟನ್ನೂ ನನ್ನ ಕೈಗೆ ಕೊಟ್ಟ. ಬೆರಳಿನ ಕೆಲಸ.

ನನ್ನ ಬೆರಳಿಗೆ ಅದು ಬರಲಿಲ್ಲ. ಒದ್ದೆ ಕಾಗದ ಹರಿಯುತ್ತಿತ್ತು, ಹರಿಯದಿದ್ದರೆ ಓರೆಯಾಗುತ್ತಿತ್ತು. ಬಟ್ಟೆ ಒಗೆಯುವ ಕೋಣೆಯ ಮೇಜಿನ ಮೇಲೆ ನಾನು ಬೆವರುತ್ತಾ ಕೂತಿದ್ದಾಗ ತಂಗಿ ಇಸ್ತ್ರಿಗೆ ಬಟ್ಟೆ ಹಿಡಿದುಕೊಂಡು ಬಂದಳು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂಥ ಅಣ್ಣ ಇದು? ಬೀಡಿ ಕಟ್ಟುದಾ?”

“ಸುಮ್ಮನಿರು ಮಾರಾಯ್ತಿ. ಬಂದೂಕಿನ ಗುಂಡು.”

“ಬೀಡಿಯೇ ಅಲ್ವಾ? ತಗಡಿನ ಅಳತೆ ಉಂಟು, ಕತ್ತರಿ ಉಂಟು, ಒದ್ದೆ ಎಲೆ ಉಂಟು. ಹೊಗೆಸೊಪ್ಪಿನ ಬದ್ಲಿಗೆ ಸೀಸ, ಅಷ್ಟೇ. ಆಚೆ ಸರಿ, ನೋಡುವ.”

ಅವಳು ಕೂತಳು. ಬುಡದಿಂದ ಹಿಡಿದು, ಹೆಬ್ಬೆರಳಿನಲ್ಲಿ ಒಂದು ಸಲ ಹೊರಳಿಸಿದಳು. ಗುಂಡು ಬಿಳಿ ಅಂಗಿ ತೊಟ್ಟುಕೊಂಡು ನಿಂತಿತು.

“ಬಾಬಾನ ಎದುರು ಬೀಡಿ ಅಂತ ಹೇಳ್ಬೇಡ,” ಎಂದೆ.

“ಹೇಳಿದ್ರೆ ಎಂಥ? ಅವ್ರು ಹುಕ್ಕಾ ಎಳಿಯುದಿಲ್ವಾ?”

ನಮ್ಮ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ತಂಗಿ ಅವಳ ಪಕ್ಕದಲ್ಲಿ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡೇ ಬೆಳೆದಳು. ಕೊನೆಕೊನೆಗೆ ಅಮ್ಮನ ಬೆರಳುಗಳು ಮುಷ್ಟಿಯ ಒಳಕ್ಕೆ ಮಡಚಿಕೊಂಡವು. ಅನ್ನ ಕಲಸಲಿಕ್ಕೂ ಆಗುತ್ತಿರಲಿಲ್ಲ. ಕಟ್ಟಿದ ಬೀಡಿಯನ್ನು ಕೊಡುವ ಜಾಗಕ್ಕೆ ನಮ್ಮಲ್ಲಿ ಬ್ರಾಂಚು ಎನ್ನುತ್ತಾರೆ. ಎಲೆ ಕೊಡುವುದೂ ಬ್ರಾಂಚೇ, ಬೀಡಿ ನೋಡಿ ಬಿಸಾಡುವುದೂ ಬ್ರಾಂಚೇ. ಅವರು ಕೊಟ್ಟ ಎಲೆ ತೂತಾಗಿದ್ದರೂ ಒಣಗಿದ್ದರೂ ಬೈಸಿಕೊಳ್ಳುವುದು ಕಟ್ಟಿದವಳ ಕೈ. “ಎಲೆಗೆ ಯಾರೂ ಬೈಯುದಿಲ್ಲ, ಎಲೆಗೆ ಕೈ ಇಲ್ಲ ಅಲ್ವಾ” ಎಂದು ಅಮ್ಮ ನಗುತ್ತಿದ್ದಳು. ಈ ಮಾತನ್ನು ನೆನಪಿಡಿ. ನಾನು ಮರೆತದ್ದು ಅದನ್ನೇ.

ಮೊದಲ ದಿನವೇ ಅಂಗಿ ತೊಡಿಸಿದಳೆಂದರೆ ಕೆಲಸ ಬಂತೆಂದಲ್ಲ. ಅವಳು ಸುತ್ತಿದ ಮೊದಲ ಗುಂಡುಗಳು ಗುರಿಹಲಗೆಯ ಮೇಲೆ ಕೋಳಿಗೆ ಕಾಳು ಚೆಲ್ಲಿದ ಹಾಗೆ ಬಿದ್ದವು. ಉಸ್ತಾದ್ ಉಳಿದ ಒಂದು ಗುಂಡನ್ನು ಉಗುರಿನಿಂದ ಸವರಿ, “ಯೇ ದೇಖೋ, ಪಹಾಡ್” ಎಂದ, ನೋಡು, ಬೆಟ್ಟ ಎಂದು. ನನಗೆ ಏನೂ ಕಾಣಲಿಲ್ಲ. ಉಗುರಿಗೆ ಮಾತ್ರ ಸಣ್ಣ ಏರು ಸಿಕ್ಕಿತು. ಕಾಗದ ಸರಿಯಾಗಿ ಎರಡು ಸುತ್ತು ಬರಬೇಕು. ಎರಡನೆಯ ಸುತ್ತಿನ ಕೊನೆ ಮೊದಲಿನ ಅಂಚಿನ ಪಕ್ಕಕ್ಕೆ ಬಂದು ನಿಲ್ಲಬೇಕು, ಅದರ ಮೇಲೆ ಹತ್ತಬಾರದು. ಹತ್ತಿದರೆ ಗುಂಡು ಒಂದು ಮಗ್ಗುಲಲ್ಲಿ ದಪ್ಪ. ಬೀಡಿಯಲ್ಲಿ ಇದಕ್ಕೆ ಉಲ್ಟಾ: ಎಲೆ ಎಲೆಯ ಮೇಲೆ ಹತ್ತಲೇಬೇಕು, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ತಂಗಿಯ ಹೆಬ್ಬೆರಳು ಹುಟ್ಟಾ ಕಲಿತ ಹಾಗೆ ಕೊನೆಯಲ್ಲಿ ಒಂದಿಷ್ಟು ಎಳೆದುಬಿಡುತ್ತಿತ್ತು.

“ಕೈಗೆ ಹೇಳಿದ್ರೆ ಕೇಳುದಿಲ್ಲ. ಎಲೆಯನ್ನೇ ಗಿಡ್ಡ ಮಾಡಿಸು,” ಎಂದಳು. ಕಾಗದಕ್ಕೆ ಅವಳು ಕೊನೆಯವರೆಗೂ ಎಲೆ ಎಂದೇ ಹೇಳುತ್ತಿದ್ದಳು. ಉಸ್ತಾದ್ ತಗಡನ್ನು ಅರದಿಂದ ಉಜ್ಜಿ ಉಜ್ಜಿ ಸಣ್ಣದು ಮಾಡಿದ. ಅವಳ ಬೆರಳು ಎಷ್ಟು ಎಳೆಯುತ್ತದೋ ಅಷ್ಟು ಕಡಿಮೆ. ತಗಡಿನ ಎರಡು ತುದಿಯೂ ಓರೆ. ಹಾಗೆ ಕತ್ತರಿಸಿದರೆ ಅಂಚು ಗುಂಡಿನ ಮೇಲೆ ನೆಟ್ಟಗೆ ನಿಲ್ಲದೆ ಬಳ್ಳಿಯ ಹಾಗೆ ಓರೆಯಾಗಿ ಹಬ್ಬುತ್ತದೆ, ಭಾರ ಒಂದೇ ಕಡೆ ಕೂರುವುದಿಲ್ಲ.

ಇನ್ನೊಂದು ತೊಂದರೆ ಏಸಿಯದ್ದು. ಏಸಿ ಗಾಳಿಗೆ ಒದ್ದೆ ಕಾಗದ ಎರಡನೇ ಸುತ್ತು ಮುಗಿಯುವ ಮೊದಲೇ ಒಣಗಿ ಬಿಗಿಯುತ್ತಿತ್ತು. ಏಸಿ ಆಫ್ ಮಾಡಿ ಅವಳು ಬೆವರಿನಲ್ಲೇ ಕೂತಳು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಳ್ಳುವುದನ್ನು ನಾನು ಉಸ್ತಾದನಿಗೆ ಹೇಳಿದಾಗ ಅವನು ಹಣೆ ಚಚ್ಚಿಕೊಂಡ. “ಅರೇ, ಸೀಸಾ ಜಹರ್ ಹೈ! ಬೋಲೋ ಉಸ್ಕೋ!” ಸೀಸ ವಿಷ, ಹೇಳು ಅವಳಿಗೆ ಎಂದು. ಮರುದಿನವೇ ಕೈಗವಸು ಕಳಿಸಿದ. ಅವಳು ಎಡಗೈಗೆ ಮಾತ್ರ ಹಾಕಿಕೊಂಡಳು, ಸೀಸ ಮುಟ್ಟುವುದು ಆ ಕೈ. ಬಲಗೈಯ ಪಕ್ಕದಲ್ಲಿ ನೀರಿನ ಬಟ್ಟಲು. ಕಾಗದವನ್ನು ನೀರಿನಲ್ಲಿ ಅದ್ದಿ, ಬಟ್ಟೆಯ ಮೇಲೆ ಒತ್ತಿ, ಗುಂಡನ್ನು ಓರೆ ಅಂಚಿಗೆ ಸರಿಯಾಗಿ ಇಟ್ಟು ಹೊರಳಿಸುವುದು. ಬುಡದಲ್ಲಿ ಉಳಿದ ಬಾಲವನ್ನು ತಿರುಚಿ, ಗುಂಡಿನ ತಳದ ಕುಳಿಯೊಳಗೆ ಮಡಚುವುದು. ಬೀಡಿಯ ಬಾಯಿ ಮಡಚುವ ಹಾಗೆಯೇ. ಒಣಗಿದ ಮೇಲೆ ಕಾಗದ ಸೆಟೆದು ಸೀಸವನ್ನು ಚರ್ಮದ ಹಾಗೆ ಹಿಡಿಯಬೇಕು. ಕೊನೆಗೆ ಕುರಿಕೊಬ್ಬು ಬೆರೆಸಿದ ಜೇನುಮೇಣವನ್ನು ತೆಳುವಾಗಿ ಸವರಿ, ಉಸ್ತಾದ್ ಕೊಟ್ಟ ಹಿತ್ತಾಳೆ ಉಂಗುರದೊಳಗೆ ತೂರಿಸಿ ನೋಡುವುದು. ತಡೆದರೆ ದಪ್ಪ, ಜಾರಿಬಿದ್ದರೆ ಸಡಿಲ. ಮೆಲ್ಲಗೆ ಒತ್ತಿದಾಗ ಹೋದರೆ ಸರಿ.

ಆ ಚಳಿಗಾಲದಲ್ಲಿ ಬಾಬಾ ಹೊಡೆದ ಗುಂಡುಗಳು ಒಂದರ ಪಕ್ಕ ಒಂದು ಬಿದ್ದವು. ಉಸ್ತಾದ್ ನಳಿಗೆಯ ಮುಂದೆ ಮರಳಿನಲ್ಲಿ ಬಿದ್ದಿದ್ದ ಕಾಗದದ ಚೂರುಗಳನ್ನು ಆರಿಸಿ ಅಂಗೈಯಲ್ಲಿ ಹರಡಿದ. ನಳಿಗೆಯ ಒಳಗಿನ ಗೆರೆಗಳು ಕಾಗದವನ್ನು ಒಂದೇ ಅಗಲದ ಎಸಳುಗಳಾಗಿ ಸೀಳಿದ್ದವು. “ಫೂಲ್ ಹೈ, ಫೂಲ್” ಎಂದ. ಹೂವು. ಬಾಬಾ ಆ ಗುರಿಹಾಳೆಯನ್ನು ಮನೆಗೆ ತಂದು ತಂಗಿಯ ಕೈಗೇ ಕೊಟ್ಟರು. ಅಡುಗೆಮನೆಯ ಕೆಲಸ ಇನ್ನು ಬೇರೆಯವರು ನೋಡಲಿ, ಇವಳು ಈ ಮೇಜಿನಲ್ಲೇ ಇರಲಿ ಎಂದರು. ಅವಳು ಹಾಳೆಯನ್ನು ವಾಷಿಂಗ್ ಮೆಷಿನ್ ಮೇಲಿನ ಗೋಡೆಗೆ ಅಂಟಿಸಿದಳು.

“ಬ್ರಾಂಚಿಗೆ ಅಷ್ಟು ಬೀಡಿ ಕೊಟ್ಟೆ ಅಣ್ಣ,” ಎಂದಳು, ಹಾಳೆಯನ್ನೇ ನೋಡುತ್ತಾ. “ಒಂದು ಬೀಡಿ ಚೆಂದ ಉಂಟು ಅಂತ ಯಾರೂ ಹೇಳ್ಲಿಲ್ಲ.”

ಅಮ್ಮನ ಬೆರಳಿನ ಭಯ ಅವಳಿಗೆ ಯಾವಾಗಲೂ ಇತ್ತು. ಬೆಳಿಗ್ಗೆ ಎದ್ದಾಗ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಆ ಹಾಳೆ ಗೋಡೆಗೆ ಬಂದ ಮೇಲೆ ಹಾಗೆ ನೋಡುವುದನ್ನು ನಿಲ್ಲಿಸಿದಳು.

ಮುಂದಿನ ಚಳಿಗಾಲಕ್ಕೆ ಬಾಬಾ ದೊಡ್ಡ ಕೂಟವೊಂದನ್ನು ಮಾತಾಡಿದ್ದರು. ಅಕ್ಕಪಕ್ಕದ ದೇಶಗಳಿಂದಲೂ ಹಳೆಯ ಬಂದೂಕಿನವರು ಬರುವವರಿದ್ದರು. ಹತ್ತಿಯಿಂದ ಮಾಡಿದ ಆ ಕಾಗದ ಇಲ್ಲಿ ಸಿಗುವುದಿಲ್ಲ, ಹೊರದೇಶದಿಂದ ತರಿಸಬೇಕು. ಪಾರ್ಸೆಲ್ ಬಂದಿದೆ, ತಂದುಬಿಡು ಎಂದು ಬಾಬಾ ನನ್ನನ್ನು ಕೊರಿಯರ್ ಆಫೀಸಿಗೆ ಕಳಿಸಿದರು. ತಂದು ಡಿಕ್ಕಿಯಲ್ಲಿಟ್ಟೆ. ಅಲ್ಲಿಂದ ನೆಟ್ಟಗೆ ಮನೆಗೆ ಹೋಗಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಫರ್ವಾನಿಯಾದ ಗೆಳೆಯನೊಬ್ಬ ಫೋನ್ ಮಾಡಿದ. ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಬಂದಿದೆ, ಊರಿನ ಹಾಗೇ ತಾಜಾ, ಒಂದು ಡ್ರಾಪ್ ಕೊಡು ಮಾರಾಯ ಎಂದ. ಬಾಬಾನ ಕಾರಿನಲ್ಲಿ ಹೊರಗಿನವರನ್ನು ಕೂರಿಸಬಾರದು ಎಂಬುದು ಆ ಮನೆಯ ಒಂದೇ ಒಂದು ಕಟ್ಟುನಿಟ್ಟು. ಇದೇ ಕಾರಣಕ್ಕೆ ನನಗಿಂತ ಮೊದಲಿದ್ದ ಡ್ರೈವರ್ ಕೆಲಸ ಕಳೆದುಕೊಂಡು ಊರಿಗೆ ಹೋಗಿದ್ದ. ಆದರೂ ಹೋದೆ. ಬಂಗುಡೆ ಎಂದರೆ ನಮ್ಮವರಿಗೆ ಬುದ್ಧಿ ನಿಲ್ಲುವುದಿಲ್ಲ. ಮಂಜುಗಡ್ಡೆ ತುಂಬಿದ ಚೀಲವನ್ನು ಅವನು ಡಿಕ್ಕಿಯಲ್ಲಿಟ್ಟ. ನಾವು ಮುಂದೆ ಕೂತು ಹುಳಿಖಾರದ ಪುಳಿಮುಂಚಿ ಮಾಡುವುದೋ ಎಣ್ಣೆಯಲ್ಲಿ ಕಾಯಿಸುವುದೋ ಎಂದು ಜಗಳವಾಡುತ್ತಾ ಹೋದೆವು. ಡಿಕ್ಕಿ ತೆರೆದಾಗ ಪಾರ್ಸೆಲ್ ಮೀನಿನ ನೀರಿನಲ್ಲಿ ನೆನೆದು ಮುದ್ದೆಯಾಗಿತ್ತು.

ಬಿಚ್ಚಿ ಒಣಗಿಸಿದೆ. ಸೊಟ್ಟಪಟ್ಟವಾಗಿ, ಕಂದು ಕಲೆ ಹತ್ತಿ, ಅಲ್ಲಲ್ಲಿ ಮೀನಿನ ಪೊರೆ ಅಂಟಿಕೊಂಡಿತ್ತು. ಗೆಳೆಯ ಮೂಸಿ, “ಇದ್ರಲ್ಲಿ ಸುತ್ತಿದ್ರೆ ಗುಂಡು ಸಮುದ್ರಕ್ಕೇ ಹೋಗ್ತದೆ,” ಎಂದು ನಕ್ಕ. ನನಗೆ ನಗು ಬರಲಿಲ್ಲ. ಕಾಗದವನ್ನು ಬಲದಿಯಾದ, ಅಂದರೆ ಮುನಿಸಿಪಾಲಿಟಿಯ, ಕಸದ ತೊಟ್ಟಿಗೆ ಹಾಕಿದೆ. ಫರ್ವಾನಿಯಾದಲ್ಲೇ ಒಂದು ಅಂಗಡಿಯಲ್ಲಿ ನಕ್ಷೆ ಬರೆಯುವ ತೆಳುವಾದ ಕಾಗದ ಸಿಕ್ಕಿತು. ಬೆಳಕಿಗೆ ಹಿಡಿದರೆ ಅದೂ ಅದೇ ಹಾಗೆ ಕಾಣುತ್ತಿತ್ತು. ಹಳೆಯ ಕಟ್ಟಿನ ಖಾಲಿ ಕವರೊಂದು ನನ್ನ ಬಳಿ ಇತ್ತು. ಅದರೊಳಗೆ ತುರುಕಿ ತಂಗಿಯ ಮೇಜಿನ ಮೇಲಿಟ್ಟೆ. ಯಾರೂ ನೋಡಲಿಲ್ಲ.

ಯಾರ ಕಣ್ಣಿಗೂ ಬೀಳದ್ದು ಅವಳ ಬೆರಳಿಗೆ ಸಿಕ್ಕಿತು.

“ಅಣ್ಣಾ, ಈ ಎಲೆ ಬೇರೆ ಉಂಟಾ?” ಎಂದು ಮಾರನೆಯ ದಿನವೇ ಕೇಳಿದಳು. “ನೀರು ಕುಡಿಯುದಿಲ್ಲ. ಅದ್ದಿದ್ರೆ ಸುರುಳಿ ಸುತ್ತಿಕೊಳ್ತದೆ. ಒಣಗಿದ ಮೇಲೆ ಸೀಸವನ್ನು ಹಿಡಿಯುದೂ ಇಲ್ಲ, ದೊಡ್ಡವರ ಅಂಗಿ ಹಾಕಿದ ಮಕ್ಕಳ ಹಾಗೆ ಸಡಿಲ.”

“ಅದೇ ಕಾಗದ. ಕವರ್ ನೋಡು.”

“ಕವರ್ ಅದೇ. ಹಾಗಾದ್ರೆ ಇದು ಯಾಕೆ ಹೀಗೆ?”

ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಕೇಳುವುದಕ್ಕೆ ಅಲ್ಲಿ ಅವಳ ಹೊರತು ಯಾರೂ ಇರಲಿಲ್ಲ. ಇಬ್ಬರೂ ಸೇರಿ ಏನಾದರೊಂದು ದಾರಿ ಹುಡುಕುತ್ತಿದ್ದೆವು. ಅವಳಾದರೆ ಖಂಡಿತ ಹುಡುಕುತ್ತಿದ್ದಳು. ಆದರೆ ನನ್ನ ಬಾಯಿಂದ ಬಂದದ್ದು ಇದು:

“ಕಾಗದವನ್ನು ಯಾಕೆ ಹೇಳ್ತಿ? ನಿನ್ನ ಕೈ ನೋಡಿಕೋ. ಅಮ್ಮನಿಗೂ ನಿನ್ನ ಪ್ರಾಯದಲ್ಲೇ ಶುರುವಾದದ್ದು.”

ಅವಳು ಬಲಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

ಅಲ್ಲಿಂದ ಮುಂದೆ ಅವಳು ಕೆಲಸಕ್ಕೆ ಮೊದಲು ಬಿಸಿನೀರಿಗೆ ಉಪ್ಪು ಹಾಕಿ ಕೈ ಅದ್ದಿ ಕೂರತೊಡಗಿದಳು. ಒಂದನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತುವಳು. ಉಂಗುರದಲ್ಲಿ ಸರಿಬರುವಷ್ಟು ಬಿಗಿಮಾಡಲು ಸುತ್ತನ್ನು ಎಳೆದಳು. ಎಳೆದಾಗ ಅಂಚು ಅಂಚಿನ ಮೇಲೆ ಹತ್ತಿತು. ಹತ್ತದ ಹಾಗೆ ಮಾಡಿದರೆ ಸಡಿಲವಾಯಿತು. ಕೊನೆಗೆ ಉಂಗುರ ಒಪ್ಪುವಂತೆ ಮಾಡಿಯೇಬಿಟ್ಟಳು. ಹೇಗೆ ಮಾಡಿದಳೋ, ಆ ಕೆಟ್ಟ ಕಾಗದದಲ್ಲಿ ಅಷ್ಟಾದರೂ ಮಾಡಿದ್ದು ಅವಳ ಕೈಯೇ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ವೇಳೆ ಸರಿಹೋಗಬಹುದು ಎಂದುಕೊಂಡೆ. ಹೇಡಿಗೆ ಆಸೆ ಹೆಚ್ಚು.

ಕೂಟದ ದಿನ ಗಾಳಿ ಇರಲಿಲ್ಲ. ತಪ್ಪನ್ನು ಗಾಳಿಯ ಮೇಲೆ ಹಾಕಲಿಕ್ಕೂ ಆಗದಂಥ ದಿನ. ಬಾಬಾನ ಮೊದಲ ಗುಂಡು ಹಲಗೆಯ ಮೇಲಂಚಿಗೆ ಹೋಯಿತು, ಎರಡನೆಯದು ಕೆಳಗೆ ಮರಳಿಗೆ. ಆಮೇಲೊಂದು ಹಲಗೆಗೆ ಬಿದ್ದದ್ದು ಮೂತಿ ಮುಂದಾಗಿ ಅಲ್ಲ, ಮಗ್ಗುಲಾಗಿ. ಹಾಳೆಯಲ್ಲಿ ಉದ್ದನೆಯ ಸೀಳು ಕಂಡಿತು. ಹೊರಗಿನಿಂದ ಬಂದಿದ್ದ ಅತಿಥಿಯೊಬ್ಬ ಚಹಾದ ಲೋಟ ಹಿಡಿದುಕೊಂಡು, ಮುದಿಯಾದದ್ದು ಬಂದೂಕೋ ಹೊಡೆಯುವವನೋ ಎಂದು ಕೇಳಿದ. ಎಲ್ಲರೂ ನಕ್ಕರು. ಬಾಬಾ ನಗಲಿಲ್ಲ.

ಉಸ್ತಾದ್ ನಳಿಗೆಯ ಮುಂದಿನ ಮರಳಿನಿಂದ ಕಾಗದವನ್ನು ಹೆಕ್ಕಿದ. ಈ ಸಲ ಎಸಳುಗಳಿರಲಿಲ್ಲ. ಒಂದು ಇಡಿಯಾಗಿ, ಸುರುಳಿಯಾಗಿಯೇ ಬಿದ್ದಿತ್ತು. ಇನ್ನೊಂದು ಸುಟ್ಟು ಕಪ್ಪಾಗಿತ್ತು. ಕೆಲವು ಗುಂಡಿನ ಜೊತೆಯೇ ಹೋಗಿರಬೇಕು. ಅವನು ಒಂದು ತುಂಡನ್ನು ಬೆರಳುಗಳ ನಡುವೆ ಉಜ್ಜಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ:

“ಕಾಗಜ್ ವಹೀ ಹೈ ನ ಭಾಯಿ?”

“ವಹೀ ಹೈ ಉಸ್ತಾದ್.”

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಆ ತುಂಡನ್ನು ಜೇಬಿಗೆ ಹಾಕಿಕೊಂಡ. ಅದೇ ಕಾಗದ ಎಂದು ನಾನು ಹೇಳಿದ ಮೇಲೆ ಅವನಿಗೆ ಹೇಳಲು ಏನೂ ಉಳಿಯಲಿಲ್ಲ.

ಆಗ ಬಾಬಾ ಬಂದೂಕನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ ಕೇಳಿದರು. “ಮಿನು ಸವ್ವಾ ಹಾದಾ?” ಇದನ್ನು ಮಾಡಿದ್ದು ಯಾರು?

“ಹಿಯಾ,” ಎಂದೆ.

ಬಾಬಾ ತಲೆಯಾಡಿಸಿದರು. “ಖಲಾಸ್.”

ಅಷ್ಟೇ. ಕಿರುಚಾಟವಿಲ್ಲ, ಬೈಗುಳವಿಲ್ಲ. ಹಿಂತಿರುಗುವ ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು.

ಮನೆಯಲ್ಲಿ ತಂಗಿ ಗೇಟಿನ ಹತ್ತಿರವೇ ನಿಂತಿದ್ದಳು. “ಎಂಥಾಯ್ತು ಅಣ್ಣ?”

“ತಪ್ಪಾಯ್ತು,” ಎಂದೆ.

ನಮ್ಮ ಮಾತಿನಲ್ಲಿ ಒಂದು ಅನುಕೂಲ ಉಂಟು. ಮಳೆಯಾಯ್ತು, ಸಂಜೆಯಾಯ್ತು ಎಂದ ಹಾಗೆ ತಪ್ಪಾಯ್ತು ಎಂದುಬಿಡಬಹುದು. ಯಾರು ಮಾಡಿದ್ದು ಎಂದು ಹೇಳಬೇಕಾಗಿಲ್ಲ. ಕೇಳಿದವರು ತಮ್ಮ ತಲೆಗೇ ಹಾಕಿಕೊಳ್ಳಲೂಬಹುದು. ಅವಳು ಹಾಕಿಕೊಂಡಳು.

“ಕೈ ಹೋಯ್ತು ಅಲ್ವಾ,” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಮೇಜು ಮತ್ತೆ ಇಸ್ತ್ರಿಗೆ ಹೋಯಿತು. ಬಂದೂಕು ಬೀರುವಿಗೆ ಹೋದದ್ದು ಹೊರಗೆ ಬರಲಿಲ್ಲ. ಗೋಡೆಯ ಮೇಲಿನ ಗುರಿಹಾಳೆಯನ್ನು ತಂಗಿಯೇ ಕಿತ್ತು ತೆಗೆದಳು. ಅಡುಗೆಮನೆಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಹಾಗಾಗಿ ಅವಳನ್ನು ಜಹ್ರಾದಲ್ಲಿದ್ದ ಬಾಬಾನ ತಾಯಿಯ ಮನೆಗೆ ಕಳಿಸಿದರು. ಹಾಸಿಗೆ ಹಿಡಿದ ಮುದುಕಿಯನ್ನು ಹೊರಳಿಸುವುದು, ತೊಳೆಯುವುದು. ಅವಳ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಅಲ್ಲಿಗೆ ಬಿಟ್ಟುಬಂದವನೂ ನಾನೇ. ಅದೇ ಡಿಕ್ಕಿ. ಎಷ್ಟು ಫಿನಾಯಿಲ್ ಹಾಕಿದರೂ ಬಿಸಿಲಿಗೆ ಇನ್ನೂ ಸ್ವಲ್ಪ ಮೀನು ನಾರುತ್ತಿತ್ತು.

“ಎಂಥ ವಾಸನೆ ಅಣ್ಣ?” ಎಂದಳು.

“ಎಂಥದ್ದೂ ಇಲ್ಲ.”

ಶುಕ್ರವಾರ ಬಾಬಾ ತಾಯಿಯನ್ನು ನೋಡಲು ಹೋಗುವಾಗ ನಾನೂ ಹೋಗುತ್ತಿದ್ದೆ. ಅಡುಗೆಮನೆಯ ಹಿಂಬಾಗಿಲಿನಲ್ಲಿ ತಂಗಿ ಸಿಗುತ್ತಿದ್ದಳು. ಮಾತು ಕಡಿಮೆಯಾಗಿತ್ತು. ಚಹಾ ಕೊಡುವಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು, ಎಲ್ಲಿ ಬೀಳುತ್ತದೋ ಎಂಬಂತೆ. ಬಿದ್ದದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಬೆರಳುಗಳು ನೆಟ್ಟಗೇ ಇದ್ದವು. ನಾನು ನೋಡಿಯೂ ಹೇಳಲಿಲ್ಲ. ಹೇಳಿದರೆ ‘ಹಾಗಾದರೆ ಆವತ್ತು?’ ಎಂದು ಕೇಳುತ್ತಾಳೆ.

ಆ ಮನೆಯಲ್ಲಿ ಅಡುಗೆಯವಳು ಆಂಧ್ರದ ಒಬ್ಬ ಹೆಂಗಸು. ಒಂದು ಶುಕ್ರವಾರ ತಂಗಿ ಒಳಗೆ ಮುದುಕಿಯ ಹತ್ತಿರ ಇದ್ದಾಗ ಅವಳು ನನ್ನನ್ನು ಬಾಗಿಲಿಗೆ ಕರೆದಳು. ದ್ರಾಕ್ಷಿ ಎಲೆಯಲ್ಲಿ ಅನ್ನ ತುಂಬಿ ಸುರುಳಿ ಸುತ್ತಿ ಬೇಯಿಸುವ ತಿನಿಸು ಕುವೈತಿ ಮನೆಗಳಲ್ಲಿ ಶುಕ್ರವಾರ ಆಗಲೇಬೇಕು.

“ಭಾಯ್, ತುಮ್ಹಾರಾ ಬೆಹನ್ ಅಚ್ಛಾ ಹೈ, ಸಬ್ ಕಾಮ್ ಕರ್ತಾ,” ಎಂದಳು ತನ್ನ ಹಿಂದಿಯಲ್ಲಿ. “ಲೇಕಿನ್ ಪತ್ತಾ ನಹೀ ಲಪೇಟ್ತಾ. ಬೋಲ್ತಾ, ಮೇರಾ ಹಾಥ್ ಖರಾಬ್, ಪತ್ತೇ ಕೋ ಹಾಥ್ ನಹೀ ಲಗಾತಾ. ಬೋಲ್ ಕೇ ರೋತಾ. ಕ್ಯಾ ಹುವಾ ಉಸ್ಕೋ? ಕೋಯಿ ಮಾರಾ?”

ಕೈ ಕೆಟ್ಟಿದೆ, ಎಲೆ ಸುತ್ತಲು ಬರುವುದಿಲ್ಲ ಎಂದು ನನ್ನ ತಂಗಿ ಅಳುತ್ತಾಳಂತೆ. ನಡೆಯಲು ಕಲಿಯುವ ಮೊದಲೇ ಎಲೆ ಹಿಡಿದವಳು.

ಆ ದಿನ ಹಿಂತಿರುಗುವಾಗ, ಊರು ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ, ಕಾರನ್ನು ಬದಿಗೆ ನಿಲ್ಲಿಸಿದೆ. ಬಾಬಾ ಟಯರ್ ಪಂಕ್ಚರ್ ಆಯಿತೇ ಎಂದರು. ನಾನು ಹಿಂದೆ ತಿರುಗಲಿಲ್ಲ. ಕನ್ನಡಿಯಲ್ಲಿ ಅವರನ್ನು ನೋಡುತ್ತಲೇ ಹೇಳಿದೆ. ಬಾಬಾ, ಕಾಗದ ಕೆಡಿಸಿದ್ದು ಅನಾ. ಬೇರೆ ಕಾಗದ ಇಟ್ಟದ್ದು ಅನಾ. ಗೆಳೆಯನನ್ನು ಕಾರಿನಲ್ಲಿ ಕೂರಿಸಿದ್ದು, ಮೀನು ತಂದದ್ದು, ಎಲ್ಲ ಅನಾ. ಹಿಯಾ ಏನೂ ಮಾಡಲಿಲ್ಲ. ಅಷ್ಟು ದಿನ ಬರದಿದ್ದ ಪದ ಆವತ್ತು ಸಾಲಾಗಿ ಬಂತು.

ಬಾಬಾ “ಸಿಮಚ್?” ಎಂದರು. ಮೀನಾ? ಆಮೇಲೆ ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು. ಆ ಅತಿಥಿಗೆ ಇದನ್ನು ಹೇಳಬೇಕು ಎಂದರು. ತಂಗಿಯನ್ನು ರುಮೈಥಿಯಾಕ್ಕೆ ವಾಪಸ್ ಕರೆಸಿಕೊಳ್ಳಿ ಎಂದು ನಾನು ಬೇಡಿದಾಗ ಕೈಯಾಡಿಸಿದರು. ಅಮ್ಮನಿಗೆ ಅವಳ ಕೈ ಒಗ್ಗಿಹೋಗಿದೆ, ಬೇರೆ ಯಾರನ್ನೂ ಮುಟ್ಟಗೊಡುವುದಿಲ್ಲ, ಅವಳು ಅಲ್ಲೇ ಇರಲಿ. ಬಂದೂಕಿನ ಹುಚ್ಚೂ ಮುಗಿಯಿತು. ಖಲಾಸ್, ಯಲ್ಲಾ, ಗಾಡಿ ಹೊರಡಿಸು.

ನನ್ನ ಕೆಲಸ ಹೋಗಲಿಲ್ಲ. ಇಲ್ಲಿರಲು ಬೇಕಾದ ಇಕಾಮಾ ರದ್ದಾಗಲಿಲ್ಲ. ಒಂದು ಬೈಗುಳವೂ ಬೀಳಲಿಲ್ಲ. ಯಾವುದಕ್ಕೆ ಹೆದರಿ ನಾನು ತಂಗಿಯ ಕೈಯನ್ನು ಬಲಿಕೊಟ್ಟೆನೋ ಆ ಭಯ ಒಂದು ನಗುವಿನಲ್ಲಿ ಮುಗಿದುಹೋಯಿತು. ಅವಳಿಗಾದ ಶಿಕ್ಷೆ ಮಾತ್ರ ಹಾಗೇ ಉಳಿಯಿತು. ಬಾಬಾ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಅದರ ಮುಂದಿನ ಶುಕ್ರವಾರ ಹಿಂಬಾಗಿಲಿಗೆ ಹೋದಾಗ ತಂಗಿ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಅಗಲವಾದ ತಟ್ಟೆ. ಅಮ್ಮ ತಡ್ಪೆ ಇಟ್ಟುಕೊಳ್ಳುತ್ತಿದ್ದ ಹಾಗೆಯೇ. ಉಪ್ಪುನೀರಿನಿಂದ ತೆಗೆದ ದ್ರಾಕ್ಷಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ತೊಟ್ಟು ಕತ್ತರಿಸಿ, ಪಕ್ಕಕ್ಕೆ ಇಡುತ್ತಿದ್ದಳು. ಸುತ್ತುವ ಕೆಲಸ ಒಳಗೆ ಅಡುಗೆಯವಳದ್ದು.

ನಾನು ಕೆಳಗಿನ ಮೆಟ್ಟಿಲಲ್ಲಿ ಕೂತೆ.

“ತಪ್ಪಾಯ್ತು ತಂಗಿ,” ಎಂದೆ.

“ಯಾವುದು?”

“ಆ ಗುಂಡಿಂದು.”

“ಅದು ಮುಗೀತಲ್ಲ ಅಣ್ಣ. ಕೈ ಹೋದ ಮೇಲೆ ಎಂಥ ಮಾಡುದು? ನನ್ನ ತಪ್ಪಿಗೆ ನೀನ್ಯಾಕೆ ಬೇಜಾರು ಮಾಡ್ತಿ?”

ಮತ್ತೆ ಅದೇ. ನಾನು ಹೇಳಿದ ತಪ್ಪನ್ನು ಅವಳು ಮತ್ತೆ ತನ್ನ ತಲೆಗೇ ಎತ್ತಿಕೊಂಡಳು. ನಾನು 'ತಪ್ಪಾಯ್ತು' ಎನ್ನುತ್ತಿರುವಷ್ಟು ದಿನವೂ ಅವಳು ಹೀಗೆ ಎತ್ತಿಕೊಳ್ಳುತ್ತಲೇ ಇರುತ್ತಾಳೆ ಎಂದು ಆಗ ಗೊತ್ತಾಯಿತು. ಅವಳ ಬಲಗೈಯನ್ನು ಹಿಡಿದೆ. ಎಲೆಯ ಉಪ್ಪುನೀರಿನಲ್ಲಿ ಅದು ಒದ್ದೆಯಾಗಿತ್ತು. ಕ್ಷಮಿಸು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಒಳಗೆ ಅಡುಗೆಯವಳಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

“ತಪ್ಪು ಆದದ್ದಲ್ಲ, ನಾನು ಮಾಡಿದ್ದು. ಆ ಎಲೆ ಬೇರೆಯೇ ಆಗಿತ್ತು. ಬದಲಾಯಿಸಿದ್ದು ನಾನು. ಗೊತ್ತಿದ್ದೂ ನಿನ್ನ ಕೈಗೆ ಹೇಳಿದ್ದು ನಾನು. ನಿನ್ನ ಕೈ ಎಲ್ಲಿಗೂ ಹೋಗ್ಲಿಲ್ಲ. ನನ್ನನ್ನು ಕ್ಷಮಿಸು ತಂಗಿ.”